ಇಂಕ್ರಿಮೆಂಟ್ ನಿಂತುಹೋಗಿದೆಯಾ? ಪೊಲೀಸರ ಮನೆಯವರಿಗೆ ಒಂದು ಕೈಪಿಡಿ

2022ರ ಫೆಬ್ರವರಿಯ ಒಂದು ಸಂಜೆ. ಕ್ವಾರ್ಟರ್ಸ್‌ನ ನಮ್ಮ ಮನೆಯ ಅಡುಗೆ ಕಟ್ಟೆ ಮೇಲೆ ಎರಡು ಪೇ ಸ್ಲಿಪ್ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ಒಂದು ನಮ್ಮ ಯಜಮಾನರದು, ಇನ್ನೊಂದು ಎದುರು ಮನೆಯವರದು. ನಾನು ಬಿ.ಕಾಂ ಓದಿದ್ದೇನೆ. ಹಾಗಾಗಿ ಇನ್‌ಕಮ್ ಟ್ಯಾಕ್ಸ್ ಲೆಕ್ಕ ಕೊಡುವ ಕಾಲ ಬಂದರೆ ಅಕ್ಕಪಕ್ಕದವರು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಆ ದಿನ ಬಂದಿದ್ದು ಎದುರು ಮನೆಯ ಅಕ್ಕ. ಅವರ ಯಜಮಾನರು, ನಮ್ಮವರು ಇಬ್ಬರೂ ಒಂದೇ ಬ್ಯಾಚು. ಒಂದೇ ದಿನ ಸೇರಿದವರು, ಒಂದೇ ಆದೇಶದಲ್ಲಿ ಹೆಡ್ ಕಾನ್‌ಸ್ಟೇಬಲ್ ಆದವರು.

ಅವರ ಮೂಲ ವೇತನ 32,600. ನಮ್ಮವರದು 31,850.

ಟೈಪ್ ಮಾಡುವಾಗ ತಪ್ಪಾಗಿರಬೇಕು ಅಂದುಕೊಂಡೆ. ಹಿಂದಿನ ತಿಂಗಳ ಸ್ಲಿಪ್ ತೆಗೆದೆ, ಅದರ ಹಿಂದಿನದು ತೆಗೆದೆ. 2021ರ ಜೂನ್‌ನಲ್ಲಿ ಇಬ್ಬರದೂ 31,850 ಇತ್ತು. ಜುಲೈಯಲ್ಲಿ ಅವರದು ಒಂದು ಮೆಟ್ಟಿಲು ಮೇಲೆ ಹೋಗಿದೆ, ನಮ್ಮದು ಅಲ್ಲೇ ಕೂತಿದೆ. ಎಂಟು ತಿಂಗಳಿಂದ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.

ಗೊತ್ತಾಗದೆ ಇದ್ದದ್ದಕ್ಕೆ ಕಾರಣ ಇತ್ತು. ಕೊರೊನಾ ಸಮಯದಲ್ಲಿ ತಡೆಹಿಡಿದಿದ್ದ ತುಟ್ಟಿಭತ್ಯೆಯನ್ನು 2021ರ ಜುಲೈ 1ರಿಂದ ಬಿಟ್ಟರಲ್ಲ, ಶೇ 11.25 ಇದ್ದದ್ದು ಒಂದೇ ಸಲಕ್ಕೆ ಶೇ 21.50 ಆಯಿತು. 31,850ಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ 3,264 ರೂಪಾಯಿ ಜಾಸ್ತಿ. ಬ್ಯಾಂಕಿಗೆ ಬಂದ ಮೊತ್ತ ನೋಡಿ ನಾವು ಖುಷಿಪಟ್ಟೆವು. ಒಳಗೆ 750 ರೂಪಾಯಿಯ ಇಂಕ್ರಿಮೆಂಟ್ ಬಿದ್ದುಹೋಗಿದ್ದು ಆ ಖುಷಿಯಲ್ಲಿ ಮುಚ್ಚಿಹೋಯಿತು.

ಅದನ್ನು ವಾಪಸ್ ಪಡೆಯಲು ನಮಗೆ ಹನ್ನೊಂದು ತಿಂಗಳು ಹಿಡಿಯಿತು. ಆ ಹನ್ನೊಂದು ತಿಂಗಳಲ್ಲಿ ಕಲಿತದ್ದನ್ನೂ, ಆಮೇಲೆ ಬೇರೆ ಮನೆಗಳ ಕಾಗದ ನೋಡುತ್ತಾ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇದು ಕರ್ನಾಟಕದ ಪೊಲೀಸರ ಮನೆಯವರಿಗೆ. ನಮ್ಮ ಮನೆಯವರು ಬಂದೋಬಸ್ತ್, ನೈಟ್ ರೌಂಡ್ಸ್, ಕೋರ್ಟ್ ಡ್ಯೂಟಿ ಅಂತ ಓಡಾಡುವಾಗ ಈ ಕಾಗದಗಳನ್ನು ಕೂತು ನೋಡಲು ಅವರಿಗೆ ಪುರಸೊತ್ತು ಎಲ್ಲಿರುತ್ತದೆ? ಹಾಗಾಗಿ ನಾವು ನೋಡಬೇಕು.

ಮೊದಲು ಯಾವ ಏರಿಕೆ ತಪ್ಪಿದೆ ಅಂತ ಗುರುತಿಸಿ

ಸಂಬಳ ಏರುವುದು ಮೂರು ದಾರಿಯಲ್ಲಿ. ವೇತನ ಆಯೋಗ ಬಂದಾಗ ಇಡೀ ಸ್ಕೇಲೇ ಬದಲಾಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಏರುತ್ತದೆ. ಇವೆರಡೂ ಎಲ್ಲರಿಗೂ ಒಟ್ಟಿಗೆ ಬರುವುದರಿಂದ ತಪ್ಪಿಹೋಗುವುದು ಅಪರೂಪ. ಮೂರನೆಯದು ವಾರ್ಷಿಕ ವೇತನ ಬಡ್ತಿ, ಅಂದರೆ ಇಂಕ್ರಿಮೆಂಟ್. ಮುಂದೆ ಬರೀ ಬಡ್ತಿ ಅಂದರೂ ಇದೇ, ಪ್ರಮೋಷನ್ ಅಲ್ಲ. ಇದು ಒಬ್ಬೊಬ್ಬರ ಸೇವಾ ಪುಸ್ತಕ ನೋಡಿ ಕೊಡುವುದು. ತಪ್ಪುವುದು ಇದೇ.

ಔರಾದ್ಕರ್ ವರದಿಯ ಸಂಕಟವನ್ನು ಇದರ ಜೊತೆ ಕಲಸಬೇಡಿ. ತುಂಬಾ ಜನ ಕಲಸುತ್ತಾರೆ. 2016ರ ಜೂನ್ 4ಕ್ಕೆ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆ ಅಂತ ಇಡೀ ರಾಜ್ಯ ಮಾತಾಡಿತ್ತು, ನೆನಪಿದೆ ಅಲ್ವಾ? ಪೊಲೀಸರ ವೇತನ ನೋಡಲು ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ವರದಿ ಕೊಟ್ಟಿದ್ದೂ ಅದೇ ವರ್ಷ. ಅದು ಜಾರಿಯಾಗಿದ್ದು 2019ರ ಆಗಸ್ಟ್ 1ರಿಂದ. ಕಾನ್‌ಸ್ಟೇಬಲ್ ಆರಂಭದ ಮೂಲ ವೇತನ 23,500 ಆಯಿತು. ಹೊಸದಾಗಿ ಸೇರುವವರಿಗೆ ಒಳ್ಳೆಯದಾಯಿತು. ಆದರೆ ಆಗಲೇ ಎಷ್ಟೋ ವರ್ಷ ದುಡಿದು ಆ ಮಟ್ಟ ದಾಟಿದ್ದವರಿಗೆ ಹೆಚ್ಚೇನೂ ಸಿಗಲಿಲ್ಲ. ಹಳಬರಿಗೂ ಹೊಸಬರಿಗೂ ಅಂತರವೇ ಕಡಿಮೆಯಾಯಿತು. ಆ ನೋವು ನಿಜ. ಆದರೆ ಅದನ್ನು ಸರಿಪಡಿಸಬೇಕಾದ್ದು ಸರ್ಕಾರ. ನಿಮ್ಮ ಎಸ್‌ಪಿ ಕಚೇರಿಗೆ ಅರ್ಜಿ ಕೊಟ್ಟರೆ ಆಗುವ ಕೆಲಸ ಅಲ್ಲ. ಇಂಕ್ರಿಮೆಂಟ್ ಮಾತ್ರ ಅಲ್ಲೇ ಆಗುವ ಕೆಲಸ.

ಹಾಗಾದರೆ ಇಂಕ್ರಿಮೆಂಟ್ ಬಂದಿದೆಯೋ ಇಲ್ಲವೋ ನೋಡುವುದು ಹೇಗೆ? ಕೈಗೆ ಬರುವ ಸಂಬಳ ನೋಡಬೇಡಿ. ಪೇ ಸ್ಲಿಪ್‌ನಲ್ಲಿ ಮೂಲ ವೇತನ ಅನ್ನುವ ಒಂದೇ ಸಾಲು ನೋಡಿ. ಬಡ್ತಿ ದಿನಾಂಕದ ಹಿಂದಿನ ತಿಂಗಳದ್ದು, ಮುಂದಿನ ತಿಂಗಳದ್ದು ಎರಡನ್ನೂ ಇಟ್ಟುಕೊಳ್ಳಿ. ಮೂಲ ವೇತನ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮಧ್ಯದಲ್ಲಿ ಎಲ್ಲೂ ನಿಲ್ಲುವುದಿಲ್ಲ. ಈಗಿನ ಏಳನೇ ವೇತನ ಆಯೋಗದ ಸ್ಕೇಲಿನಲ್ಲಿ ಕಾನ್‌ಸ್ಟೇಬಲ್ ವೇತನ ಶ್ರೇಣಿ 37,500ರಿಂದ 76,100. ಮೊದಲ ಮೆಟ್ಟಿಲು 900 ರೂಪಾಯಿ, ಅಂದರೆ 38,400. ಮತ್ತೆ 900, 39,300. ಅಲ್ಲಿಂದ ಮುಂದೆ ಕೆಲವು ಮೆಟ್ಟಿಲು ಒಂದೊಂದು ಸಾವಿರ, ಆಮೇಲೆ ಇನ್ನೂ ಜಾಸ್ತಿ. ಸ್ಕೇಲಿನ ಚೀಟಿಯನ್ನು ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿಬಿಡಿ. ನಮ್ಮನೆಯಲ್ಲಿ ಹಾಗೇ ಇದೆ. ಪ್ರತಿ ವರ್ಷ ಬಡ್ತಿ ಬಂದ ಮೆಟ್ಟಿಲಿಗೆ ಒಂದು ಟಿಕ್ ಹಾಕುತ್ತೇನೆ.

900 ರೂಪಾಯಿ ತಾನೇ ಅಂತ ಬಿಡಬೇಡಿ. ಮೂಲ ವೇತನದ ಮೇಲೆಯೇ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಎಲ್ಲ ಕೂಡುವುದು. ಒಂದು ಮೆಟ್ಟಿಲು ತಪ್ಪಿದರೆ ಮುಂದಿನ ಎಲ್ಲಾ ವರ್ಷವೂ ಒಂದು ಮೆಟ್ಟಿಲು ಕೆಳಗೇ ಇರುತ್ತೀರಿ. ಏಳನೇ ವೇತನ ಆಯೋಗದ ಹಣ 2024ರ ಆಗಸ್ಟ್ 1ರಿಂದ ಕೈಗೆ ಬಂತು. ಆದರೆ ಲೆಕ್ಕ ಹಿಡಿದದ್ದು 2022ರ ಜುಲೈ 1ರ ಮೂಲ ವೇತನದ ಮೇಲೆ. ಅದಕ್ಕೆ ಶೇ 31 ತುಟ್ಟಿಭತ್ಯೆ, ಶೇ 27.5 ಫಿಟ್‌ಮೆಂಟ್ (ಅಂದರೆ ಆಯೋಗದ ಹೆಚ್ಚಳ) ಸೇರಿಸಿ ಹೊಸ ಸ್ಕೇಲಿಗೆ ಕೂರಿಸಿದರು. ಹಳೇ ಸ್ಕೇಲಿನಲ್ಲಿ ಕಳೆದುಕೊಂಡ ಮೆಟ್ಟಿಲು ಹಾಗೆಯೇ ಹೊಸದಕ್ಕೂ ಬಂತು. ಕೊನೆಗೆ ಪಿಂಚಣಿಗೂ ಅದೇ ಬರುತ್ತದೆ.

ಯಾಕೆ ನಿಂತಿದೆ ಅಂತ ಪತ್ತೆ ಮಾಡಿ

ಕಾರಣ ಗೊತ್ತಿಲ್ಲದೆ ಅರ್ಜಿ ಬರೆಯಲೇಬೇಡಿ. ಕಾರಣ ಯಾವುದು ಅನ್ನುವುದರ ಮೇಲೆ ದಾರಿಯೇ ಬದಲಾಗುತ್ತದೆ.

ನಿಯಮದ ಮೂಲ ಮಾತು ಇಷ್ಟು: ಕರ್ನಾಟಕ ಸಿವಿಲ್ ಸೇವಾ ನಿಯಮಾವಳಿ ಪ್ರಕಾರ, ತಡೆಹಿಡಿಯುವ ಆದೇಶ ಇಲ್ಲದಿದ್ದರೆ ವಾರ್ಷಿಕ ಬಡ್ತಿ ತಾನಾಗಿಯೇ ಬರಬೇಕು. ಯಾರೂ ದಯೆ ತೋರಿಸಿ ಕೊಡುವುದಲ್ಲ. ಹಾಗಾಗಿ ಮೊದಲ ಪ್ರಶ್ನೆ, "ತಡೆಹಿಡಿದ ಆದೇಶ ಇದೆಯಾ?" ಇಲಾಖಾ ವಿಚಾರಣೆ ಬಾಕಿ ಇದೆ ಅನ್ನುವುದು ಆದೇಶ ಅಲ್ಲ. ವಿಚಾರಣೆ ಮುಗಿದು, ಶಿಕ್ಷೆ ಅಂತ ಬರೆದು, ಸಹಿ ಆಗಿ, ಪ್ರತಿ ನಿಮ್ಮವರ ಕೈಗೆ ಬಂದರೆ ಅದು ಆದೇಶ.

ಆದೇಶ ಇಲ್ಲದೆಯೂ ನಿಲ್ಲುವುದುಂಟು. ನಾನು ನೋಡಿದವುಗಳಲ್ಲಿ ಅಂಥವೇ ಜಾಸ್ತಿ. ಬೇರೆ ಜಿಲ್ಲೆಗೋ ಬೇರೆ ಘಟಕಕ್ಕೋ ವರ್ಗ ಆಗಿರುತ್ತದೆ, ಎಸ್‌.ಆರ್. ಪುಸ್ತಕ (ಅಂದರೆ ಸೇವಾ ಪುಸ್ತಕ) ತಡವಾಗಿ ಬಂದಿರುತ್ತದೆ. ಪ್ರೊಬೇಷನ್ ಮುಗಿದರೂ ಮುಗಿದಿದೆ ಅಂತ ಘೋಷಣೆ ಆಗಿರುವುದಿಲ್ಲ. ಅಮಾನತು ತೆರವಾಗಿ ಡ್ಯೂಟಿಗೆ ಸೇರಿ ವರ್ಷ ಆದರೂ, ಆ ಅಮಾನತಿನ ಅವಧಿಯನ್ನು ಹೇಗೆ ಪರಿಗಣಿಸಬೇಕು ಅಂತ ಯಾರೂ ಬರೆದಿರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ರಜೆ. ನಮ್ಮದೂ ಅದೇ ಆಗಿತ್ತು. 2020ರ ನವೆಂಬರ್‌ನಲ್ಲಿ ನಮ್ಮವರಿಗೆ ಕಾಮಾಲೆ ಆಯಿತು. 26 ದಿನ ಹಾಸಿಗೆಯಲ್ಲಿ. ಕಣ್ಣೆಲ್ಲ ಅರಿಶಿನ. ತಾಲ್ಲೂಕು ಆಸ್ಪತ್ರೆಯ ವೈದ್ಯಕೀಯ ಸರ್ಟಿಫಿಕೇಟ್, ಆಮೇಲೆ ಫಿಟ್‌ನೆಸ್ ಸರ್ಟಿಫಿಕೇಟ್ ಎರಡನ್ನೂ ಠಾಣೆಯ ರೈಟರ್ ಕೈಗೆ ಕೊಟ್ಟಿದ್ದರು. ಆ ರೈಟರಿಗೆ ಬೇರೆಡೆ ವರ್ಗ ಆಯಿತು. ಸರ್ಟಿಫಿಕೇಟು ಠಾಣೆಯ ಯಾವುದೋ ಫೈಲಿನಲ್ಲೇ ಉಳಿಯಿತು. ಮೇಲಿನ ಕಚೇರಿಗೆ ಹೋಗಿದ್ದು "ಗೈರು ಹಾಜರಿ" ಅನ್ನುವ ವರದಿ ಮಾತ್ರ. ರಜೆ ಮಂಜೂರು ಆಗಲಿಲ್ಲ, ತಿರಸ್ಕಾರವೂ ಆಗಲಿಲ್ಲ. ಅವಧಿ ಇತ್ಯರ್ಥ ಆಗಿಲ್ಲ ಅಂತ ಬಡ್ತಿ ಸುಮ್ನೆ ನಿಂತುಹೋಯಿತು.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಿ. ಗಳಿಕೆ ರಜೆ, ಅರ್ಧ ವೇತನ ರಜೆ, ಪರಿವರ್ತಿತ ರಜೆ (ಅರ್ಧ ವೇತನ ರಜೆಯನ್ನು ಪೂರ್ತಿ ವೇತನದ ರಜೆಯಾಗಿ ಬದಲಿಸಿಕೊಳ್ಳುವುದು) ಇವೆಲ್ಲ ಬಡ್ತಿಯ ಲೆಕ್ಕಕ್ಕೆ ಸೇರುತ್ತವೆ. ಸಂಬಳವಿಲ್ಲದ ಅಸಾಧಾರಣ ರಜೆ ಸಾಮಾನ್ಯವಾಗಿ ಸೇರುವುದಿಲ್ಲ. ಅದು ಸೇರದಿದ್ದರೂ ಬಡ್ತಿ ದಿನಾಂಕ ಮುಂದಕ್ಕೆ ಹೋಗಬಹುದೇ ಹೊರತು ಬಡ್ತಿಯೇ ಮಾಯ ಆಗಬಾರದು. ಖಾತೆಯಲ್ಲಿ ರಜೆ ಇದ್ದು, ಸರ್ಟಿಫಿಕೇಟೂ ಇದ್ದರೆ ಪರಿವರ್ತಿತ ರಜೆ ಕೇಳಿ. ನಮ್ಮವರ ಖಾತೆಯಲ್ಲಿ ಅರ್ಧ ವೇತನ ರಜೆ ಧಾರಾಳ ಇತ್ತು. ಅವರು ರಜೆ ತೆಗೆದುಕೊಂಡದ್ದೇ ಕಡಿಮೆ.

ಎಸ್‌.ಆರ್. ಪ್ರತಿ ಪಡೆಯುವುದು

ಸೇವಾ ಪುಸ್ತಕವನ್ನು ವರ್ಷಕ್ಕೊಮ್ಮೆ ನೌಕರರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಸಹಿ ಹಾಕುವ ದಿನ ನಿಮ್ಮವರು ನಿಂತು ಓದಲಿ. ಐದು ನಿಮಿಷದ ಕೆಲಸ. ಬಡ್ತಿಯ ಪುಟ, ರಜೆ ಖಾತೆಯ ಪುಟ ಎರಡರ ಫೋಟೋ ತೆಗೆಯಲು ಅನುಮತಿ ಕೇಳಲಿ.

ನೋಡಲು ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ನಾನು ಇಲ್ಲಿ ಒಂದು ತಪ್ಪು ಮಾಡಿ ಒಂದು ತಿಂಗಳು ಕಳೆದುಕೊಂಡೆ. ಯಜಮಾನರ ಹೆಸರು ಯಾಕೆ ಎಳೆಯಬೇಕು ಅಂತ ನನ್ನ ಹೆಸರಿನಲ್ಲಿ ಅರ್ಜಿ ಹಾಕಿದೆ. "ಮೂರನೇ ವ್ಯಕ್ತಿಯ ವೈಯಕ್ತಿಕ ಮಾಹಿತಿ" ಅಂತ ವಾಪಸ್ ಬಂತು. ಹೆಂಡತಿ ಮೂರನೇ ವ್ಯಕ್ತಿಯಾ ಅಂತ ಆ ದಿನ ತುಂಬಾ ಬೇಜಾರಾಯಿತು. ಆಮೇಲೆ ಗೊತ್ತಾಯಿತು, 2012ರಲ್ಲಿ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೌಕರರ ಸೇವಾ ವಿವರ ವೈಯಕ್ತಿಕ ಮಾಹಿತಿ ಅಂತ ಹೇಳಿದೆ. ಆದರೆ ನೌಕರರೇ ತಮ್ಮ ಸ್ವಂತ ದಾಖಲೆ ಕೇಳಿದರೆ ಈ ಅಡ್ಡಿ ಬರುವುದಿಲ್ಲ. ಹಾಗಾಗಿ ಅರ್ಜಿಗೆ ಸಹಿ ಅವರದೇ ಇರಲಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು.

ನಾವು ಕೇಳಿದ್ದು ಮೂರೇ: ಎಸ್‌.ಆರ್.ನಲ್ಲಿ ಬಡ್ತಿ ನಮೂದಿಸಿರುವ ಪುಟಗಳ ಪ್ರತಿ, ರಜೆ ಖಾತೆಯ ಪ್ರತಿ, ಬಡ್ತಿ ತಡೆಹಿಡಿದ ಆದೇಶ ಇದ್ದರೆ ಅದರ ಪ್ರತಿ. ಯಾಕೆ ಕೊಟ್ಟಿಲ್ಲ, ಯಾರು ತಪ್ಪಿತಸ್ಥರು ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಅದು ಮಾಹಿತಿ ಅಲ್ಲ ಅಂತ ಬಿಡುತ್ತಾರೆ. ಮೂರನೆಯದಕ್ಕೆ ಬಂದ ಉತ್ತರ: "ಅಂತಹ ಯಾವುದೇ ಆದೇಶ ಇರುವುದಿಲ್ಲ." ನಮ್ಮ ಕೇಸು ನಿಂತಿದ್ದೇ ಆ ಒಂದು ಸಾಲಿನ ಮೇಲೆ.

ಅರ್ಜಿ ಬರೆಯುವುದು

ಅರ್ಜಿ ಚಿಕ್ಕದಿರಲಿ. ಅಂಕಿ ಇರಲಿ. ಸಿಟ್ಟು ಬೇಡ. ನಾವು ಮೊದಲು ಎರಡು ಪುಟ ಬರೆದಿದ್ದೆವು. ಹದಿನೆಂಟು ವರ್ಷದ ಸೇವೆ, ಹಬ್ಬಕ್ಕೆ ಮನೆಗೆ ಬಾರದ ದಿನಗಳು, ಎಲ್ಲ ಇತ್ತು. ಎಲ್ಲವೂ ನಿಜ. ಆದರೆ ಫೈಲ್ ನೋಡುವ ಕೇಸ್ ವರ್ಕರ್‌ಗೆ ಬೇಕಾದದ್ದು ದಿನಾಂಕ ಮತ್ತು ಮೊತ್ತ. ಹರಿದುಹಾಕಿ ಮತ್ತೆ ಬರೆದೆವು:

"ವಿಷಯ: 01-07-2021ರ ವಾರ್ಷಿಕ ವೇತನ ಬಡ್ತಿ ಮಂಜೂರು ಮಾಡುವ ಬಗ್ಗೆ. ಮಾನ್ಯರೇ, ನನ್ನ ಮೂಲ ವೇತನ 01-07-2020ರಿಂದ ರೂ. 31,850 ಇದ್ದು, 01-07-2021ಕ್ಕೆ ರೂ. 32,600 ಆಗಬೇಕಿತ್ತು. ಈವರೆಗೆ ಆಗಿರುವುದಿಲ್ಲ. ಬಡ್ತಿ ತಡೆಹಿಡಿದ ಆದೇಶ ಇರುವುದಿಲ್ಲ ಎಂದು ಕಚೇರಿಯ ಉತ್ತರದಲ್ಲಿ ತಿಳಿಸಲಾಗಿದೆ, ಪ್ರತಿ ಲಗತ್ತಿಸಿದೆ. ನವೆಂಬರ್ 2020ರಲ್ಲಿ 26 ದಿನ ಅನಾರೋಗ್ಯದಿಂದ ರಜೆಯಲ್ಲಿದ್ದು, ವೈದ್ಯಕೀಯ ಪ್ರಮಾಣಪತ್ರಗಳನ್ನು ಠಾಣೆಗೆ ಸಲ್ಲಿಸಿರುತ್ತೇನೆ, ಪ್ರತಿಗಳನ್ನು ಲಗತ್ತಿಸಿದೆ. ಸದರಿ ಅವಧಿಯನ್ನು ಪರಿವರ್ತಿತ ರಜೆ ಎಂದು ಮಂಜೂರು ಮಾಡಿ, ಬಡ್ತಿ ಹಾಗೂ ಬಾಕಿ ವೇತನ ನೀಡಲು ಕೋರುತ್ತೇನೆ."

ಇಷ್ಟೇ. ಎರಡು ಕೋರಿಕೆ ಇದೆ, ಗಮನಿಸಿ. ಬಡ್ತಿ ಮಾತ್ರ ಕೇಳಿದ್ದರೆ, "ರಜೆ ಅವಧಿ ಇತ್ಯರ್ಥ ಆಗಿಲ್ಲ" ಅಂತ ಫೈಲ್ ಮತ್ತೆ ಕೆಳಗೆ ಬರುತ್ತಿತ್ತು. ನಿಲ್ಲಿಸಿದ ಕಾರಣವನ್ನೂ ಅದೇ ಅರ್ಜಿಯಲ್ಲಿ ಬಿಡಿಸಬೇಕು.

ಅರ್ಜಿ ಠಾಣಾಧಿಕಾರಿಯ ಮೂಲಕವೇ ಹೋಗಬೇಕು. ಸರ್ಕಲ್, ಡಿವೈಎಸ್‌ಪಿ, ಅಲ್ಲಿಂದ ಜಿಲ್ಲಾ ಪೊಲೀಸ್ ಕಚೇರಿ. ಪ್ರತಿ ಹಂತದಲ್ಲೂ ಯಾವ ನಂಬರಿನಲ್ಲಿ, ಯಾವ ತಾರೀಕಿಗೆ ಮುಂದೆ ಹೋಯಿತು ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಒಂದು ನೂರು ಪುಟದ ನೋಟ್‌ಬುಕ್ ಇದಕ್ಕೇ ಇಡಿ. ಫೋನ್‌ನಲ್ಲಿ ಕೇಳಿದ ಮಾತನ್ನೂ ತಾರೀಕು ಹಾಕಿ ಬರೆಯಿರಿ. ನಮ್ಮ ಅರ್ಜಿ ಡಿವೈಎಸ್‌ಪಿ ಕಚೇರಿಯಲ್ಲಿ ಏಳು ವಾರ ಕೂತಿತ್ತು. "ಬಂದೇ ಇಲ್ಲ ಮೇಡಂ" ಅಂದಾಗ ಠಾಣೆಯಿಂದ ಹೋದ ಪತ್ರದ ನಂಬರ್ ಓದಿ ಹೇಳಿದೆ. ಅರ್ಧ ಗಂಟೆಯಲ್ಲಿ ಸಿಕ್ಕಿತು.

ಶಾಸಕರ ಪತ್ರ ತರುವುದು ಬೇಡ. ಹೊರಗಿನ ಪ್ರಭಾವ ತಂದರು ಅಂತ ನಡತೆ ನಿಯಮದ ಕೆಳಗೆ ಹೊಸ ನೋಟಿಸ್ ಬಂದರೆ, ಕೇಳಿದ್ದು ಬಿಟ್ಟು ಅದಕ್ಕೆ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ. ಸೋಷಿಯಲ್ ಮೀಡಿಯಾದಲ್ಲಿ ಹಾಕುವುದೂ ಬೇಡ. ಬೇರೆ ಇಲಾಖೆಯವರು ಸಂಘ ಕಟ್ಟಿ ಕೇಳಬಹುದು. ಪೊಲೀಸರಿಗೆ 1966ರ ಕೇಂದ್ರ ಕಾಯ್ದೆಯೊಂದು ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದೆ. ಅವರ ಕೈಯಲ್ಲಿ ಉಳಿದಿರುವುದು ಕಾಗದ. ಅದನ್ನು ಸರಿಯಾಗಿ ಹಿಡಿಯಬೇಕು. ವಾರದ ಪರೇಡ್ ದಿನ ಎಸ್‌ಪಿ ಸಾಹೇಬರನ್ನು ಕಂಡು ಅಹವಾಲು ಹೇಳಿಕೊಳ್ಳಲು ಅವಕಾಶ ಕೇಳುವುದು ಒಳ್ಳೆಯದು. ನಮ್ಮವರಿಗೆ ಧೈರ್ಯ ಇರಲಿಲ್ಲ. "ಸಾಹೇಬ್ರ ಮುಂದೆ ಸಂಬಳದ ಮಾತು ಆಡೋದು ಹೇಗೆ?" ಅಂದರು. ನಾನು ಅರ್ಜಿಯ ಪ್ರತಿಯನ್ನು ಯೂನಿಫಾರ್ಮ್ ಜೇಬಿನಲ್ಲಿ ಮಡಚಿ ಇಟ್ಟು ಕಳಿಸಿದೆ. ಎರಡು ನಿಮಿಷ ಕೇಳಿದರಂತೆ, ಸಂಬಂಧಪಟ್ಟ ಶಾಖೆಗೆ ಬರೆದರಂತೆ. ಫೈಲ್ ಓಡಿದ್ದು ಅಂದಿನಿಂದ.

2023ರ ಜನವರಿಯಲ್ಲಿ ಆದೇಶ ಬಂತು. 2021ರ ಜುಲೈಯಿಂದ ಒಂದು ವರ್ಷ ತಿಂಗಳಿಗೆ 750 ರೂಪಾಯಿ, 9,000. 2022ರ ಜುಲೈಯ ಬಡ್ತಿ ಬಂದಿತ್ತು, ಆದರೆ ಕೆಳಗಿನ ಮೆಟ್ಟಿಲಿನಿಂದ. ಹಾಗಾಗಿ ಅಲ್ಲಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 850, ಒಟ್ಟು 5,100. ಮೂಲ ವೇತನವೇ 14,100, ಅದರ ಮೇಲೆ ಭತ್ಯೆ. ಬಾಕಿ ಬಂದಾಗ ಈ ಲೆಕ್ಕವನ್ನು ನೀವೇ ತಿಂಗಳು ತಿಂಗಳಾಗಿ ಹಾಕಿ ಹೋಲಿಸಿ. ನಮ್ಮ ಮೊದಲ ಬಿಲ್ಲಿನಲ್ಲಿ ಆ ಆರು ತಿಂಗಳಿಗೂ 750ರಂತೆಯೇ ಹಾಕಿದ್ದರು. ತೋರಿಸಿದ ಮೇಲೆ ಸರಿಮಾಡಿದರು.

ಶಿಕ್ಷೆಯಾಗಿ ತಡೆಹಿಡಿದಿದ್ದರೆ

ಇದು ಬೇರೆಯೇ ದಾರಿ. ಆದೇಶದಲ್ಲಿ ಒಂದು ಪದ ಹುಡುಕಿ: "ಸಂಚಿತ ಪರಿಣಾಮ". ಸಂಚಿತ ಪರಿಣಾಮ ಬೀರದಂತೆ ಒಂದು ಬಡ್ತಿಯನ್ನು ಒಂದು ವರ್ಷ ತಡೆಹಿಡಿದರೆ, ವರ್ಷ ಮುಗಿದ ಮೇಲೆ ಆ ಮೆಟ್ಟಿಲು ವಾಪಸ್ ಸಿಗುತ್ತದೆ. 900ರ ಮೆಟ್ಟಿಲಾದರೆ ನಷ್ಟ 10,800 ಮತ್ತು ಅದರ ಮೇಲಿನ ಭತ್ಯೆ. ಸಂಚಿತ ಪರಿಣಾಮ ಬೀರುವಂತೆ ಅಂದರೆ ಆ ಮೆಟ್ಟಿಲು ಮತ್ತೆ ಬರುವುದೇ ಇಲ್ಲ. ಇಪ್ಪತ್ತು ವರ್ಷ ಸೇವೆ ಉಳಿದಿದ್ದರೆ ಬರೀ 900ರಂತೆ ಹಿಡಿದರೂ 2,16,000. ಭತ್ಯೆ, ಪಿಂಚಣಿ ಬೇರೆ. ಒಂದೇ ಪದ, ಇಷ್ಟು ವ್ಯತ್ಯಾಸ.

ಇದನ್ನು ಸುಪ್ರೀಂ ಕೋರ್ಟ್ 1990ರಲ್ಲೇ ಪಂಜಾಬಿನ ಕುಲವಂತ್ ಸಿಂಗ್ ಗಿಲ್ ಪ್ರಕರಣದಲ್ಲಿ ಹೇಳಿದೆ: ಸಂಚಿತ ಪರಿಣಾಮದೊಂದಿಗೆ ಬಡ್ತಿ ತಡೆಯುವುದು ದೊಡ್ಡ ಶಿಕ್ಷೆ, ಪೂರ್ತಿ ವಿಚಾರಣೆ ಇಲ್ಲದೆ ಕೊಡುವಂತಿಲ್ಲ. ನೋಟಿಸ್ ಕೊಟ್ಟು, ಉತ್ತರ ತೆಗೆದುಕೊಂಡು, ವಿಚಾರಣೆ ಮಾಡದೆ ಇಂಥ ಆದೇಶ ಬಂದಿದ್ದರೆ ಮೇಲ್ಮನವಿಯಲ್ಲಿ ಮೊದಲ ಅಂಶ ಅದೇ ಇರಲಿ. ನಮ್ಮ ಪೊಲೀಸರಿಗೆ ಶಿಕ್ಷೆ ಕೊಡುವುದು 1965ರ ಪೊಲೀಸ್ ಶಿಸ್ತು ನಡವಳಿ ನಿಯಮಗಳ ಕೆಳಗೆ. ಎಸ್‌ಪಿ ಕೊಟ್ಟ ಆದೇಶಕ್ಕೆ ಮೇಲ್ಮನವಿ ವಲಯದ ಐಜಿಪಿಯವರಿಗೆ ಹೋಗುತ್ತದೆ. ಮೇಲ್ಮನವಿಗೆ ಗಡುವು ಇದೆ. ಗಡುವಿನ ಕೊನೆ ದಿನದವರೆಗೆ ಕಾಯದೆ, ಆದೇಶ ಕೈಗೆ ಬಂದ ತಿಂಗಳೊಳಗೇ ಹಾಕಿಬಿಡಿ. ಆದೇಶಕ್ಕೆ ಸಹಿ ಮಾಡಿ ತೆಗೆದುಕೊಳ್ಳುವಾಗ ಸಹಿಯ ಕೆಳಗೆ ಆ ದಿನದ ತಾರೀಕು ಬರೆಯಲು ನಿಮ್ಮವರಿಗೆ ಹೇಳಿ.

ಅಲ್ಲೂ ಆಗದಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ. ಜನ ಕೆಎಟಿ ಅನ್ನುತ್ತಾರೆ. ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ ಪೀಠಗಳಿವೆ. ಸೇವಾ ವಿಷಯಕ್ಕೆ ನೇರ ಹೈಕೋರ್ಟಿಗೆ ಹೋಗುವಂತಿಲ್ಲ, ಮೊದಲು ಇಲ್ಲಿಗೇ. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಹೋಗಬೇಕು. ಅರ್ಜಿಗೋ ಮೇಲ್ಮನವಿಗೋ ಉತ್ತರವೇ ಬಾರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷದೊಳಗೆ. ಸ್ವೀಕೃತಿ ಮೊಹರಿನ ಪ್ರತಿ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಆರು ತಿಂಗಳು ಎಣಿಸುವುದು ಆ ತಾರೀಕಿನಿಂದ. ಹಳೆಯ ತಪ್ಪು ಪ್ರತಿ ತಿಂಗಳೂ ಸಂಬಳದಲ್ಲಿ ಮುಂದುವರಿಯುತ್ತಿದ್ದರೆ ಕೋರ್ಟು ಬಾಗಿಲು ಮುಚ್ಚುವುದಿಲ್ಲ. ಆದರೆ ಬಾಕಿ ಹಣವನ್ನು ಸಾಮಾನ್ಯವಾಗಿ ಕೇಸು ಹಾಕುವ ಹಿಂದಿನ ಮೂರು ವರ್ಷಕ್ಕೆ ಸೀಮಿತ ಮಾಡುತ್ತಾರೆ. ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪು ನೋಡಿ. ತಡ ಮಾಡಿದ ಪ್ರತಿ ತಿಂಗಳೂ ಹಿಂದಿನ ಒಂದು ತಿಂಗಳ ಹಣ ಕೈತಪ್ಪುತ್ತದೆ.

ಕೊಟ್ಟದ್ದನ್ನು ವಾಪಸ್ ಕೇಳಿದರೆ

ಕೆಲವು ಮನೆಗಳಲ್ಲಿ ಇದರ ತದ್ವಿರುದ್ಧ. ನಿವೃತ್ತಿ ಹತ್ತಿರ ಬಂದಾಗ ಎಸ್‌.ಆರ್. ಪರಿಶೀಲನೆ ಮಾಡಿ, "ಹತ್ತು ವರ್ಷದ ಹಿಂದೆ ಒಂದು ಬಡ್ತಿ ತಪ್ಪಾಗಿ ಕೊಟ್ಟಿದ್ದೇವೆ, ಲಕ್ಷಾಂತರ ಕಟ್ಟಿ" ಅನ್ನುತ್ತಾರೆ. ಪಕ್ಕದ ಬ್ಲಾಕಿನ ಒಬ್ಬ ಎಎಸ್‌ಐ ಅವರ ಮನೆಯವರು ಈ ಪತ್ರ ಹಿಡಿದುಕೊಂಡು ಅಳುತ್ತಾ ಬಂದಿದ್ದರು. ಮಗಳ ಮದುವೆ ನಿಶ್ಚಯ ಆಗಿತ್ತು.

2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಫೀಕ್ ಮಸೀಹ್ ಪ್ರಕರಣದಲ್ಲಿ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಸಿ ಮತ್ತು ಡಿ ಗುಂಪಿನ ನೌಕರರಿಂದ, ನಿವೃತ್ತರಿಂದ, ಒಂದು ವರ್ಷದೊಳಗೆ ನಿವೃತ್ತಿ ಆಗುವವರಿಂದ, ಐದು ವರ್ಷಕ್ಕೂ ಮೀರಿ ಹೆಚ್ಚಿಗೆ ಕೊಟ್ಟಿದ್ದರೆ ಅವರಿಂದ ವಸೂಲಿ ಮಾಡುವಂತಿಲ್ಲ. ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್, ಎಎಸ್‌ಐ ಎಲ್ಲ ಸಿ ಗುಂಪು. ಮೂಲ ವೇತನವನ್ನು ಮುಂದಕ್ಕೆ ಸರಿಪಡಿಸಬಹುದು. ಹಿಂದಿನದನ್ನು ಕಿತ್ತುಕೊಳ್ಳುವುದಕ್ಕೆ ತಡೆ ಇದೆ. ವಸೂಲಿ ನೋಟಿಸ್‌ಗೆ ಉತ್ತರ ಬರೆಯುವಾಗ ಈ ತೀರ್ಪಿನ ಹೆಸರು ಬರೆಯಿರಿ.

ಒಂದು ಎಚ್ಚರ: ವೇತನ ಪರಿಷ್ಕರಣೆ ಆದಾಗ "ಹೆಚ್ಚುವರಿ ಪಾವತಿ ಆಗಿದ್ದರೆ ಮರುಪಾವತಿಸುತ್ತೇನೆ" ಅನ್ನುವ ಮುಚ್ಚಳಿಕೆಗೆ ಸಹಿ ಮಾಡಿಸಿಕೊಂಡಿರುತ್ತಾರೆ. ಸುಪ್ರೀಂ ಕೋರ್ಟಿನ 2016ರ ಜಗದೇವ್ ಸಿಂಗ್ ತೀರ್ಪಿನಲ್ಲಿ, ಹಾಗೆ ಬರೆದುಕೊಟ್ಟವರು ಕಟ್ಟಬೇಕು ಅಂತ ಆಗಿದೆ. ಆ ತೀರ್ಪು ನ್ಯಾಯಾಧೀಶರೊಬ್ಬರ ವೇತನದ ವಿಷಯದಲ್ಲಿ ಬಂದದ್ದು. ಸಿ ಗುಂಪಿನವರಿಗೆ ಅದು ಹೇಗೆ ಅನ್ವಯ ಆಗುತ್ತದೆ ಅನ್ನುವುದನ್ನು ವಕೀಲರ ಹತ್ತಿರವೇ ಕೇಳಿ. ಆದರೆ ಸಹಿ ಮಾಡಿದ ಪ್ರತಿ ಕಾಗದದ ಜೆರಾಕ್ಸ್ ಮನೆಯಲ್ಲಿರಲಿ.

ನಿವೃತ್ತಿಯ ಹಿಂದಿನ ದಿನದ ಬಡ್ತಿ

ಜೂನ್ 30ಕ್ಕೋ ಡಿಸೆಂಬರ್ 31ಕ್ಕೋ ನಿವೃತ್ತಿ ಆಗುವವರು ಇದನ್ನು ಗಮನಿಸಿ. ಇಡೀ ವರ್ಷ ದುಡಿದಿರುತ್ತಾರೆ, ಬಡ್ತಿ ಬರುವ ದಿನ ಸೇವೆಯಲ್ಲಿ ಇರುವುದಿಲ್ಲ ಅಂತ ಆ ಕೊನೆಯ ಮೆಟ್ಟಿಲು ಕೊಡುತ್ತಿರಲಿಲ್ಲ. ಈ ಅನ್ಯಾಯಕ್ಕೆ ತೆರೆ ಬಿದ್ದದ್ದು ನಮ್ಮ ರಾಜ್ಯದ್ದೇ ಪ್ರಕರಣದಿಂದ. ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‍ನ ನೌಕರರು ಹೈಕೋರ್ಟಿಗೆ ಹೋದರು, ವಿಭಾಗೀಯ ಪೀಠದಲ್ಲಿ ಗೆದ್ದರು. ನಿಗಮ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. 2023ರ ಏಪ್ರಿಲ್ 11ರಂದು ಸಿ.ಪಿ. ಮುಂದಿನಮನಿ ಪ್ರಕರಣದ ತೀರ್ಪು ಬಂತು: ಹಿಂದಿನ ಒಂದು ವರ್ಷದ ಒಳ್ಳೆಯ ಸೇವೆಗೆ ಸಿಗುವುದೇ ಬಡ್ತಿ, ಮರುದಿನ ನಿವೃತ್ತಿ ಆದರು ಅಂತ ಅದನ್ನು ನಿರಾಕರಿಸುವಂತಿಲ್ಲ. ಕೇಸು ಹಾಕದ ಉಳಿದವರಿಗೆ ಇದರ ಲಾಭ 2023ರ ಮೇ 1ರಿಂದ ಅಂತ ಕೋರ್ಟು ಆಮೇಲೆ ಸ್ಪಷ್ಟಪಡಿಸಿತು. ನಿಮ್ಮ ತಂದೆಯೋ ಮಾವನೋ ಹಾಗೆ ನಿವೃತ್ತರಾಗಿದ್ದರೆ, ಪಿಂಚಣಿ ಆದೇಶದಲ್ಲಿ ಕೊನೆಯ ಮೂಲ ವೇತನ ಎಷ್ಟು ಬರೆದಿದ್ದಾರೆ ನೋಡಿ. ಆ ವರ್ಷದ ಬಡ್ತಿ ಸೇರಿಲ್ಲದಿದ್ದರೆ, ಪಿಂಚಣಿ ದಾಖಲೆ ಕಳಿಸಿದ ಕಚೇರಿಗೇ ತೀರ್ಪಿನ ಪ್ರತಿಯ ಜೊತೆ ಅರ್ಜಿ ಕೊಡಿ.

ಆ ಎಎಸ್‌ಐ ಅವರ ಮನೆಯವರು ಮೊನ್ನೆ ಮತ್ತೆ ಬಂದಿದ್ದರು. ವಸೂಲಿ ಪತ್ರಕ್ಕೆ ಉತ್ತರ ಕೊಟ್ಟು ನಾಲ್ಕು ತಿಂಗಳಾಗಿದೆ, ಇನ್ನೂ ಏನೂ ಬಂದಿಲ್ಲ. ಸ್ವೀಕೃತಿಯ ಮೊಹರಿನ ಮೇಲಿನ ತಾರೀಕು ನೋಡಿ, ಆರು ತಿಂಗಳು ತುಂಬುವ ದಿನವನ್ನು ಅವರ ಮನೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಬಂದಿದ್ದೇನೆ.